ಹಲ್ಲುಪುಡಿಯಲ್ಲಿ ಗಿಡಮೂಲಿಕೆಯ ಸಾರ: ಪ್ರಯೋಗಾಲಯದ ವರದಿಯನ್ನು ಓದುವ ಬಗೆ

ಹಲ್ಲುಪುಡಿ, ಪೇಸ್ಟು ಹಾಗೂ ಬಾಯಿ ಮುಕ್ಕಳಿಸುವ ದ್ರಾವಣಗಳ ಪೊಟ್ಟಣದ ಮೇಲೆ "ಪ್ರಯೋಗಾಲಯದಲ್ಲಿ ಪರೀಕ್ಷಿಸಲ್ಪಟ್ಟಿದೆ" ಎಂಬ ಮಾತು ಸರ್ವೇಸಾಮಾನ್ಯವಾಗಿದೆ. ಬೇವು, ಲವಂಗ, ಕರಿಜಾಲಿ, ದಾಳಿಂಬೆ ಸಿಪ್ಪೆ, ತ್ರಿಫಲಾ, ಬಕುಳದ ತೊಗಟೆ ಮುಂತಾದವುಗಳ ಸಾರವನ್ನು ಸೇರಿಸಿ ಇಂತಹ ಪದಾರ್ಥಗಳನ್ನು ತಯಾರಿಸುವ ಸಣ್ಣ ಘಟಕಗಳೂ, ಬೇರೆಯವರಿಂದ ತಯಾರಿಸಿಕೊಂಡು ತಮ್ಮ ಹೆಸರಿನಲ್ಲಿ ಮಾರುವ ವರ್ತಕರೂ ಈ ಮಾತನ್ನು ಅಚ್ಚು ಹಾಕಿಸಲು ಉತ್ಸುಕರಾಗಿರುತ್ತಾರೆ. ಆದರೆ ಆ ಮಾತಿನ ಹಿಂದಿರುವ ವರದಿಯಲ್ಲಿ ಏನನ್ನು ಪರೀಕ್ಷಿಸಲಾಗಿದೆ, ಏನನ್ನು ಪರೀಕ್ಷಿಸಿಲ್ಲ ಎಂಬುದನ್ನು ಓದಿ ನೋಡುವವರು ವಿರಳ. ಆಢಾವೆ ಪತ್ರಿಕೆಯ ಕೊನೆಯ ಸಾಲನ್ನಷ್ಟೇ ನೋಡಿ ಅದರ ಕೆಳಗಿನ ಟಿಪ್ಪಣಿಗಳನ್ನು ಬಿಟ್ಟುಬಿಡುವ ಅಭ್ಯಾಸಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಮೂಲಿಕೆಗಳ ಸಾರದ ಮೇಲೆ ನಡೆಯುವ ಪರೀಕ್ಷೆಗಳು ಎರಡು ಬಗೆಯವು. ಸಾರವು ಬಾಯಿಯ ರೋಗಾಣುಗಳ ಮೇಲೆ ಪರಿಣಾಮ ಬೀರುವುದೇ ಎಂದು ನೋಡುವುದು ಒಂದು. ಸಾರವು ಹೆಸರಿಗೆ ತಕ್ಕ ಗಿಡದ್ದೇ, ಅದರಲ್ಲಿ ಇರಬಾರದ್ದು ಏನಾದರೂ ಇದೆಯೇ ಎಂದು ನೋಡುವುದು ಇನ್ನೊಂದು. ಮೊದಲನೆಯದು ಜಾಹೀರಾತಿಗೆ ಒದಗುತ್ತದೆ. ಎರಡನೆಯದನ್ನು ಕಾನೂನು ಕೇಳುತ್ತದೆ, ಬಳಕೆದಾರನ ದೇಹವೂ ಕೇಳುತ್ತದೆ. ಕೈಯಲ್ಲಿರುವ ಅಲ್ಪ ಹಣವನ್ನೆಲ್ಲ ಮೊದಲನೆಯದಕ್ಕೆ ಸುರಿದು ಎರಡನೆಯದನ್ನು "ಮುಂದೆ ನೋಡಿಕೊಳ್ಳೋಣ" ಎಂದು ಬಿಡುವ ಕ್ರಮ ಸಣ್ಣ ಉದ್ದಿಮೆಗಳಲ್ಲಿ ಬೇರೂರಿದೆ. ಈ ಕ್ರಮವು ತಲೆಕೆಳಗಾಗಬೇಕಾದ ಅಗತ್ಯವಿದೆ.

ಕರ್ನಾಟಕಕ್ಕೆ ಈ ಉದ್ದಿಮೆ ಹೊಸತೇನೂ ಅಲ್ಲ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ಊರಿನ ಹೆಸರಿನೊಡನೆ ಹಳೆಯ ಮೈಸೂರು ಸೀಮೆಯ ಮನೆಮಾತಾಯಿತು. ಬೇವಿನ ಕಡ್ಡಿ, ಹೊಂಗೆಯ ಕಡ್ಡಿ, ಜಾಲಿಯ ಕಡ್ಡಿ, ಇದ್ದಿಲು, ಉಪ್ಪು, ಕರಾವಳಿಯ ಕಡೆ ಉಮಿಕರಿ – ಇವು ಅದಕ್ಕೂ ಹಿಂದಿನವು. ಆ ದಿನಗಳಲ್ಲಿ ಗಿರಾಕಿಯು ತಿಂಗಳು ತಿಂಗಳು ಮರಳಿ ಬರುವುದೇ ಪ್ರಮಾಣಪತ್ರವಾಗಿತ್ತು. ಪೊಟ್ಟಣವು ಊರ ಗಡಿಯನ್ನು ದಾಟಿ, ತಯಾರಕನ ಮುಖವನ್ನೇ ಕಾಣದ ಗಿರಾಕಿಯ ಕೈ ಸೇರತೊಡಗಿದ ಮೇಲೆ ಕಾಗದದ ಪ್ರಮಾಣ ಬೇಕಾಯಿತು.

ತಟ್ಟೆಯ ಮೇಲಿನ ಪರೀಕ್ಷೆ

ಹಲ್ಲು ಹುಳುಕಾಗುವುದು ಹುಳದಿಂದಲ್ಲ, ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆ ಪಿಷ್ಟಗಳನ್ನು ಹುಳಿಯಾಗಿಸುವುದರಿಂದ ಎಂಬುದನ್ನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು.ಡಿ. ಮಿಲ್ಲರ್ 1890ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. 1924ರಲ್ಲಿ ಇಂಗ್ಲೆಂಡಿನ ಜೆ. ಕಿಲಿಯನ್ ಕ್ಲಾರ್ಕ್ ಅವರು ಹುಳುಕು ಹಲ್ಲಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟರು. ಬಾಯಿಯ ಆಮ್ಲತೆಯು ಸುಮಾರು 5.5ರ ಪಿಎಚ್ ಮಟ್ಟಕ್ಕಿಂತ ಕೆಳಗಿಳಿದಾಗ ಹಲ್ಲಿನ ಎನಾಮಲ್ ಕರಗತೊಡಗುತ್ತದೆ. ಆದುದರಿಂದಲೇ ಮೂಲಿಕೆಗಳ ಸಾರವನ್ನು ಪರೀಕ್ಷಿಸುವವರು ಮೊದಲು ಕೈಗೆತ್ತಿಕೊಳ್ಳುವುದು ಈ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನೇ. ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯ ಸಂಗ್ರಹದಿಂದ ಪ್ರಮಾಣಿತ ತಳಿಗಳನ್ನು ತರಿಸಿಕೊಳ್ಳಬಹುದು. ಅಂತಹ ವರದಿಗಳಲ್ಲಿ ಕಾಣುವ "ಎಂಟಿಸಿಸಿ" ಎಂಬ ಅಕ್ಷರಗಳೂ ಅವುಗಳ ಮುಂದಿನ ಅಂಕಿಯೂ ಆ ಸಂಗ್ರಹದ ಗುರುತು.

ಪರೀಕ್ಷೆಯ ವಿಧಾನ ಸರಳ. ಅಗರ್ ಎಂಬ ಪೋಷಕ ಲೋಳೆಯನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯಾವನ್ನು ಹರಡಿ, ಸಾರದಲ್ಲಿ ಅದ್ದಿದ 6 ಮಿಲಿಮೀಟರ್ ವ್ಯಾಸದ ಕಾಗದದ ಬಿಲ್ಲೆಯನ್ನು ಇಡುತ್ತಾರೆ. ಇಲ್ಲವೇ ಲೋಳೆಯಲ್ಲಿ ಕುಳಿ ಕೊರೆದು ಸಾರವನ್ನು ತುಂಬುತ್ತಾರೆ. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 24ರಿಂದ 48 ಗಂಟೆಗಳ ಕಾಲ ಇಟ್ಟು ತೆಗೆದಾಗ, ಸಾರಕ್ಕೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ವೃತ್ತ ಕಾಣುತ್ತದೆ. ಆ ವೃತ್ತದ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ವರದಿಯಲ್ಲಿ ನಮೂದಿಸುತ್ತಾರೆ. ತಯಾರಕರು ಪೊಟ್ಟಣದ ಮೇಲೆ ಮೆರೆಸುವ ಅಂಕಿ ಹೆಚ್ಚಾಗಿ ಇದೇ.

ಈ ಅಂಕಿಯನ್ನು ನಂಬಬಾರದೆಂದಲ್ಲ. ಅದು ಹೇಳುವಷ್ಟನ್ನು ಮಾತ್ರ ನಂಬಬೇಕು. ಸಾರವು ಲೋಳೆಯಲ್ಲಿ ಎಷ್ಟು ದೂರ ಹರಿಯಬಲ್ಲದು ಎಂಬುದರ ಮೇಲೂ ವೃತ್ತದ ಗಾತ್ರ ನಿಂತಿದೆ. ಎಣ್ಣೆಯ ಅಂಶವಿರುವ ಸಾರ ಹಾಗೂ ದೊಡ್ಡ ಅಣುಗಳ ಒಗರು ಪದಾರ್ಥಗಳು ನೀರಿನಂಶದ ಲೋಳೆಯಲ್ಲಿ ಸುಲಭವಾಗಿ ಹರಿಯುವುದಿಲ್ಲ. ಆದುದರಿಂದ ಬೇವಿನ ಸಾರಕ್ಕೆ 18, ದಾಳಿಂಬೆ ಸಿಪ್ಪೆಗೆ 14 ಎಂದಿದ್ದಲ್ಲಿ ಬೇವೇ ಮೇಲು ಎನ್ನುವಂತಿಲ್ಲ. ಆ್ಯಂಟಿಬಯಾಟಿಕ್ ಔಷಧಗಳಿಗಾದರೆ 1966ರಲ್ಲಿ ಬಾವರ್, ಕಿರ್ಬಿ ಮುಂತಾದವರು ಕ್ರಮಬದ್ಧಗೊಳಿಸಿದ ವಿಧಾನವೂ, ಎಷ್ಟು ಮಿಲಿಮೀಟರಿಗೆ ಏನರ್ಥ ಎಂಬ ಒಪ್ಪಿತ ಕೋಷ್ಟಕವೂ ಇವೆ. ಗಿಡಮೂಲಿಕೆಯ ಸಾರಗಳಿಗೆ ಅಂತಹ ಒಪ್ಪಿತ ಕೋಷ್ಟಕವಿಲ್ಲ.

ವರದಿಯಲ್ಲಿ ಹುಡುಕಬೇಕಾದ ಎರಡು ಸಾಲುಗಳಿವೆ. ಸಾರವನ್ನು ಕರಗಿಸಲು ಬಳಸಿದ ಆಲ್ಕೊಹಾಲ್ ಅಥವಾ ಡಿಎಂಎಸ್‌ಒ ದ್ರಾವಕವನ್ನಷ್ಟೇ ಬೇರೊಂದು ಬಿಲ್ಲೆಯಲ್ಲಿಟ್ಟು ನೋಡಿದ್ದಾರೆಯೇ ಎಂಬುದು ಒಂದು. ಆಲ್ಕೊಹಾಲ್ ಸ್ವತಃ ರೋಗಾಣುನಾಶಕವಾದ್ದರಿಂದ, ಅದನ್ನು ಬೇರ್ಪಡಿಸಿ ನೋಡದಿದ್ದರೆ ಕೀರ್ತಿ ಬೇವಿನದೋ ಆಲ್ಕೊಹಾಲಿನದೋ ತಿಳಿಯದು. ದಂತವೈದ್ಯರು ಬಳಸುವ ಶೇಕಡಾ 0.2ರ ಕ್ಲೋರ್‌ಹೆಕ್ಸಿಡಿನ್ ದ್ರಾವಣದಂತಹ ಪರಿಚಿತ ಪದಾರ್ಥವನ್ನು ಅದೇ ತಟ್ಟೆಯಲ್ಲಿ ಇಟ್ಟು ಹೋಲಿಸಿದ್ದಾರೆಯೇ ಎಂಬುದು ಇನ್ನೊಂದು. ಇವೆರಡೂ ಇಲ್ಲದ ವರದಿಯು ತಾಳೆ ನೋಡದ ರೋಕಡ ಪುಸ್ತಕದಂತೆ.

ಒಂದು ಪುಟ್ಟ ಲೆಕ್ಕ

ವೃತ್ತದ ಅಳತೆಗಿಂತ ಹೆಚ್ಚು ಬೆಲೆಯುಳ್ಳ ಅಂಕಿಯೊಂದಿದೆ: ಕನಿಷ್ಠ ನಿರೋಧಕ ಸಾಂದ್ರತೆ. ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಪ್ರತಿ ಮಿಲಿಲೀಟರಿನಲ್ಲಿ ಕನಿಷ್ಠ ಎಷ್ಟು ಸಾರವಿರಬೇಕು ಎಂಬುದನ್ನು ಇದು ತಿಳಿಸುತ್ತದೆ. ಸಾರವನ್ನು ಹಂತ ಹಂತವಾಗಿ ಅರ್ಧಕ್ಕರ್ಧ ತೆಳುಗೊಳಿಸುತ್ತ ಹೋಗಿ ಯಾವ ಹಂತದಲ್ಲಿ ಬೆಳವಣಿಗೆ ಕಾಣಿಸಿಕೊಳ್ಳುವುದೋ ನೋಡಿ ಇದನ್ನು ಕಂಡುಹಿಡಿಯುತ್ತಾರೆ. ಉದ್ದಿಮೆದಾರನಿಗೆ ಇದು ಏಕೆ ಮುಖ್ಯವೆಂಬುದಕ್ಕೆ ಲೆಕ್ಕವೊಂದನ್ನು ಹಾಕಬಹುದು.

ಪೇಸ್ಟಿನಲ್ಲಿ ಶೇಕಡಾ 0.5ರಷ್ಟು ಬೇವಿನ ಸಾರವಿದೆಯೆಂದು ಇಟ್ಟುಕೊಂಡರೆ, ಒಮ್ಮೆ ಹಲ್ಲುಜ್ಜಲು ಬೇಕಾಗುವ 1 ಗ್ರಾಂ ಪೇಸ್ಟಿನಲ್ಲಿ ಸಿಗುವುದು 5 ಮಿಲಿಗ್ರಾಂ ಸಾರ. ಎಂಜಲು ನೀರು ಸೇರಿ ಬಾಯಿಯಲ್ಲಿ ಒಟ್ಟು 5 ಮಿಲಿಲೀಟರ್ ಆಯಿತೆಂದರೆ ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಂ. ಪ್ರಯೋಗಾಲಯದ ತಟ್ಟೆಯ ಮೇಲೆ ಇಟ್ಟ ಸಾರದ ಸಾಂದ್ರತೆ ಪ್ರತಿ ಮಿಲಿಲೀಟರಿಗೆ 50 ಮಿಲಿಗ್ರಾಂ ಇದ್ದಲ್ಲಿ, ಬಾಯಿಗೆ ಸಲ್ಲುವುದು ಅದರ 50ರಲ್ಲಿ 1 ಪಾಲು ಮಾತ್ರ. ಅಷ್ಟೇ ಅಲ್ಲ, ತಟ್ಟೆಯಲ್ಲಿ ಸಾರವು 24 ಗಂಟೆ, ಅಂದರೆ 1440 ನಿಮಿಷ, ಬ್ಯಾಕ್ಟೀರಿಯಾದೊಡನೆ ಇರುತ್ತದೆ. ಬಾಯಿಯಲ್ಲಿ 2 ನಿಮಿಷ ಇದ್ದು ಉಗುಳಿಹೋಗುತ್ತದೆ. ಸಾರದ ಕನಿಷ್ಠ ನಿರೋಧಕ ಸಾಂದ್ರತೆಯು 0.5 ಮಿಲಿಗ್ರಾಂ ಎಂದಿದ್ದರೆ ಈ ಸೂತ್ರಕ್ಕೆ ಭರವಸೆಯಿದೆ. 12.5 ಮಿಲಿಗ್ರಾಂ ಎಂದಿದ್ದರೆ ಬೇವು ಪೊಟ್ಟಣದ ಚಿತ್ರದಲ್ಲಿದೆ, ಬಾಯಿಯಲ್ಲಿ ಇಲ್ಲ. ಈ ಗುಣಾಕಾರ ಭಾಗಾಕಾರಕ್ಕೆ ವಿಜ್ಞಾನದ ಪದವಿ ಬೇಕಾಗಿಲ್ಲ.

ಇನ್ನು ಹಲ್ಲಿನ ಮೇಲಿನ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳು ತಟ್ಟೆಯಲ್ಲಿರುವಂತೆ ಬಿಡಿಬಿಡಿಯಾಗಿ ಇರುವುದಿಲ್ಲ. ತಾವೇ ಸ್ರವಿಸಿದ ಅಂಟಿನ ಪದರದೊಳಗೆ ಗುಂಪಾಗಿ ನೆಲೆಸಿರುತ್ತವೆ. ಆ ಪದರದೊಳಕ್ಕೆ ಔಷಧ ಇಳಿಯುವುದು ಕಷ್ಟ. ಕ್ಲೋರ್‌ಹೆಕ್ಸಿಡಿನ್ ಸಫಲವಾಗಿರುವುದು ಅದರ ಕೊಲ್ಲುವ ಶಕ್ತಿಯಿಂದ ಮಾತ್ರವಲ್ಲ, ಹಲ್ಲು ಹಾಗೂ ಬಾಯಿಯ ಒಳಪದರಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಅಲ್ಲಿಯೇ ಉಳಿಯುವ ಗುಣದಿಂದ. ತಟ್ಟೆಯಲ್ಲಿ ಅದಕ್ಕೆ ಸಮನಾದ ವೃತ್ತ ಮೂಡಿಸಿದ ಸಾರವು ಬಾಯಿಯಲ್ಲಿ ಅದಕ್ಕೆ ಸಮನಾಗಲಾರದೆ ಹೋಗುವುದು ಇದೇ ಕಾರಣಕ್ಕೆ. ಮೂಲಿಕೆಗಳ ಪರವಾಗಿ ಹೇಳಬೇಕಾದ ಮಾತೂ ಇದೆ: ಕ್ಲೋರ್‌ಹೆಕ್ಸಿಡಿನ್ ದೀರ್ಘಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ದಿನನಿತ್ಯದ ಬಳಕೆಗೆ ಬೇರೊಂದನ್ನು ಹುಡುಕುವುದರಲ್ಲಿ ಅರ್ಥವಿದೆ.

ಸಿದ್ಧಪಡಿಸಿದ ಪೇಸ್ಟನ್ನೇ ಪರೀಕ್ಷೆಗೆ ಕಳುಹಿಸುವವರಿಗೂ ಒಂದು ಎಚ್ಚರಿಕೆ ಅಗತ್ಯ. ಪೇಸ್ಟಿಗೆ ನೊರೆ ಬರಿಸಲು ಸೇರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ತಾನೇ ಬ್ಯಾಕ್ಟೀರಿಯಾವನ್ನು ತಡೆಯಬಲ್ಲದು. ಮೂಲಿಕೆಯ ಸಾರವಿಲ್ಲದ, ಉಳಿದೆಲ್ಲವೂ ಇರುವ ಬರಿಯ ಪೇಸ್ಟನ್ನೂ ಜೊತೆಗೆ ಕಳುಹಿಸಿ ಎರಡನ್ನೂ ಹೋಲಿಸದಿದ್ದರೆ ಪರೀಕ್ಷೆಯ ಶುಲ್ಕ ವ್ಯರ್ಥ.

ಮಣಿಪಾಲದ ಜೆಲ್, ಶಾಲಾಮಕ್ಕಳ ತ್ರಿಫಲಾ

ತಟ್ಟೆಯಿಂದ ಬಾಯಿಗೆ ಬಂದ ಪರೀಕ್ಷೆಗಳೂ ಇಲ್ಲದಿಲ್ಲ. ಮಣಿಪಾಲದ ಸಂಶೋಧಕರು ಬೇವಿನ ಎಲೆಯ ಸಾರವನ್ನು ಪ್ರತಿ ಗ್ರಾಂಗೆ 25 ಮಿಲಿಗ್ರಾಂನಂತೆ ಸೇರಿಸಿ, ಬಾಯಿಯ ಒಳಪದರಕ್ಕೆ ಅಂಟಿಕೊಳ್ಳುವ ಜೆಲ್ ಒಂದನ್ನು ತಯಾರಿಸಿ, 36 ಮಂದಿ ಯುವಕರ ಮೇಲೆ 6 ವಾರ ಪ್ರಯೋಗಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇವಿನ ಜೆಲ್ ಬಳಸಿದವರಲ್ಲಿ ಪಾಚಿಯೂ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಗಣನೀಯವಾಗಿ ಇಳಿದಿದ್ದವು. ಇಲ್ಲಿ ಗಮನಿಸಬೇಕಾದ್ದು ಶೇಕಡಾವಾರು ಪ್ರಮಾಣ: ಸಾರ ಶೇಕಡಾ 2.5ರಷ್ಟಿತ್ತು, ಅದೂ ಬಾಯಿಯಲ್ಲಿ ನಿಲ್ಲುವಂತಹ ಜೆಲ್ಲಿನಲ್ಲಿ. ಈ ಪ್ರಯೋಗವನ್ನು ತೋರಿಸಿ ಶೇಕಡಾ 0.1ರಷ್ಟು ಬೇವು ಸೇರಿಸಿದ ಪೇಸ್ಟನ್ನು ಮಾರುವುದು ಬೇರೆಯವರ ಆಢಾವೆಯನ್ನು ತೋರಿಸಿ ಸಾಲ ಕೇಳಿದಂತೆ.

2011ರಲ್ಲಿ ಪ್ರಕಟವಾದ ಇನ್ನೊಂದು ಭಾರತೀಯ ಅಧ್ಯಯನದಲ್ಲಿ 8ರಿಂದ 12 ವರ್ಷದ 1431 ಶಾಲಾಮಕ್ಕಳು ಪಾಲ್ಗೊಂಡಿದ್ದರು. ಶೇಕಡಾ 0.6ರ ತ್ರಿಫಲಾ ದ್ರಾವಣವನ್ನು ಶೇಕಡಾ 0.1ರ ಕ್ಲೋರ್‌ಹೆಕ್ಸಿಡಿನ್‌ನೊಡನೆ ಹೋಲಿಸಲಾಯಿತು. ಪಾಚಿ, ಒಸಡಿನ ಉರಿಯೂತ ಮತ್ತು ಬ್ಯಾಕ್ಟೀರಿಯಾಗಳನ್ನು ತಗ್ಗಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅಳಲೆ, ತಾರೆ, ನೆಲ್ಲಿಗಳು ಅಗ್ಗದ ಸರಕು. ಅಷ್ಟು ಅಗ್ಗದ ಸರಕಿನಿಂದ ಅಂತಹ ಫಲ ಬಂದದ್ದು ಉದ್ದಿಮೆಗೆ ಶುಭವಾರ್ತೆಯೇ. ಮೆಸ್ವಾಕ್ ಕಡ್ಡಿಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಅದರ ಬಳಕೆಯನ್ನು ಪ್ರೋತ್ಸಾಹಿಸಿತು. 2000ದ ಅಂತಾರಾಷ್ಟ್ರೀಯ ಒಮ್ಮತ ವರದಿಯು ಇನ್ನಷ್ಟು ಸಂಶೋಧನೆ ಬೇಕೆಂದು ಹೇಳಿತು. ಎರಡು ಹೇಳಿಕೆಗಳೂ ಒಂದೇ ಕಡ್ಡಿಯ ಕುರಿತಾದವು. ಜಾಹೀರಾತುಗಳು ನೆನೆಯುವುದು ಮೊದಲನೆಯದನ್ನು ಮಾತ್ರ.

ಇರಬಾರದ್ದು ಇದೆಯೇ?

ಈಗ ಎರಡನೆಯ ಬಗೆಯ ಪರೀಕ್ಷೆಗೆ ಬರಬಹುದು. ಮೊದಲ ಪ್ರಶ್ನೆ, ಗಿಡ ಯಾವುದು? "ವಜ್ರದಂತಿ" ಎಂಬ ಹೆಸರು ನಮ್ಮ ಕಡೆ ಮುಳ್ಳುಗೋರಂಟೆಗೆ ಸಲ್ಲುತ್ತದೆ. ಹಿಮಾಲಯದ ತಪ್ಪಲಿನಲ್ಲಿ ಅದೇ ಹೆಸರಿನಲ್ಲಿ ಪೊಟೆಂಟಿಲ್ಲಾ ಎಂಬ ಬೇರೆಯೇ ಕುಲದ ಗಿಡದ ಬೇರು ಮಾರಾಟವಾಗುತ್ತದೆ. ಖರೀದಿ ಆದೇಶದಲ್ಲಿ ವಾಡಿಕೆಯ ಹೆಸರಿನೊಂದಿಗೆ ಸಸ್ಯಶಾಸ್ತ್ರೀಯ ಹೆಸರನ್ನೂ ಗಿಡದ ಭಾಗವನ್ನೂ ಬರೆಯದಿದ್ದರೆ ಮುಂದೆ ವ್ಯಾಜ್ಯವಾದಾಗ ವರ್ತಕನಿಗೆ ನಿಲ್ಲಲು ನೆಲವಿಲ್ಲ. ಲವಂಗದಲ್ಲಿ ಎಣ್ಣೆ ತೆಗೆದ ಜಾಳು ಸರಕನ್ನು ಬೆರೆಸುವುದು ಹಳೆಯ ವಿದ್ಯೆ. ಆಯುರ್ವೇದ ಫಾರ್ಮಕೋಪಿಯಾದ ಪ್ರಕಾರ ಲವಂಗದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಆವಿಶೀಲ ತೈಲವಿರಬೇಕು. ಹಲ್ಲುನೋವನ್ನು ಶಮನಗೊಳಿಸುವ ಯೂಜಿನಾಲ್ ಇರುವುದು ಆ ತೈಲದಲ್ಲಿಯೇ. ಈ ಒಂದು ಪರೀಕ್ಷೆಯಿಂದಲೇ ಲವಂಗದ ಮೋಸದ ಬಹುಪಾಲು ಬಯಲಾಗುತ್ತದೆ.

ಸಿದ್ಧ ಸಾರವನ್ನು ಕೊಳ್ಳುವವರು "10:1" ಎಂಬ ಅನುಪಾತಕ್ಕೆ ಮರುಳಾಗಬಾರದು. ಹತ್ತು ಕಿಲೋ ಎಲೆಯಿಂದ ಒಂದು ಕಿಲೋ ಸಾರ ಎಂದು ಅದರ ಅರ್ಥ. ಆ ಒಂದು ಕಿಲೋದಲ್ಲಿ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಎಷ್ಟೆಂಬುದನ್ನು ಅನುಪಾತ ಹೇಳುವುದಿಲ್ಲ. ಗುರುತಿನ ರಾಸಾಯನಿಕ ಇಷ್ಟು ಶೇಕಡಾ ಎಂಬ ವಿಶ್ಲೇಷಣೆಯೂ, ಎಚ್‌ಪಿಟಿಎಲ್‌ಸಿ ವಿಧಾನದ ಬೆರಳಚ್ಚಿನಂತಹ ಚಿತ್ರವೂ ಸರಬರಾಜುದಾರನಿಂದ ಬರಬೇಕು. ಒಣ ಮೂಲಿಕೆಯಾದರೆ, ಸುಟ್ಟ ಬೂದಿಯಲ್ಲಿ ಆಮ್ಲಕ್ಕೆ ಕರಗದೆ ಉಳಿಯುವ ಭಾಗವನ್ನು ತೂಗಿಸಬೇಕು. ಅದು ಬಹುಮಟ್ಟಿಗೆ ಮರಳು ಮಣ್ಣು. ಬೇರೆ ಪದಾರ್ಥಗಳಲ್ಲಿ ಮರಳು ತೂಕದ ಮೋಸವಷ್ಟೇ, ಹಲ್ಲುಪುಡಿಯಲ್ಲಾದರೆ ಅದು ಹಲ್ಲನ್ನೇ ಸವೆಸುತ್ತದೆ. ಪೇಸ್ಟುಗಳ ಸವೆಸುವ ಗುಣಕ್ಕೆ ಐಎಸ್‌ಒ 11609 ಮಾನದಂಡವು 250ರ ಮಿತಿಯನ್ನು ಹಾಕಿದೆ. ಇದ್ದಿಲು ಹಾಗೂ ಉಮಿಕರಿಗಳನ್ನು ಹೊಸ ಪೊಟ್ಟಣದಲ್ಲಿ ಮರಳಿ ಮಾರುಕಟ್ಟೆಗೆ ತರುತ್ತಿರುವವರು ಈ ಪರೀಕ್ಷೆಯನ್ನು ಮಾಡಿಸಲೇಬೇಕು.

ಎಲ್ಲಕ್ಕಿಂತ ಗುರುತರವಾದದ್ದು ಭಾರಲೋಹಗಳ ಪರೀಕ್ಷೆ. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿದೆಯೆಂದು ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿದಾಗ ಉದ್ದಿಮೆ ತಲ್ಲಣಿಸಿತು. ಕೇಂದ್ರ ಸರ್ಕಾರವು 2005ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿ, 2006ರ ಜನವರಿ 1ರಿಂದ ರಫ್ತಾಗುವ ಮೂಲಿಕಾ ಔಷಧಗಳಿಗೆ ಭಾರಲೋಹ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಆಯುರ್ವೇದ ಫಾರ್ಮಕೋಪಿಯಾದ ಮಿತಿಗಳು ಹೀಗಿವೆ: ಸೀಸ ದಶಲಕ್ಷಕ್ಕೆ 10 ಭಾಗ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಮೂಲಿಕೆಗೆ ಲೋಹ ಬರುವುದು ಬೆಳೆದ ಮಣ್ಣಿನಿಂದ, ರಸ್ತೆ ಬದಿಯ ಧೂಳಿನಿಂದ, ಅರೆಯುವ ಯಂತ್ರದಿಂದ. ಕೆಂಪು ಹಲ್ಲುಪುಡಿಗೆ ಬಣ್ಣ ಕೊಡುವ ಕಾವಿಮಣ್ಣು ಗಣಿಯಿಂದ ಬಂದದ್ದಾದ್ದರಿಂದ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಲೇಸು. ದೊಡ್ಡವರು ಹಲ್ಲುಪುಡಿಯನ್ನು ಉಗುಳುತ್ತಾರೆ, ಮಕ್ಕಳು ನುಂಗುತ್ತಾರೆ. ಸಿಹಿಯಾಗಿದ್ದರೆ ಕೇಳಿಕೊಂಡು ತಿನ್ನುತ್ತಾರೆ. ಸೀಸವು ಹೆಚ್ಚು ಹಾನಿ ಮಾಡುವುದು ಬೆಳೆಯುತ್ತಿರುವ ಮಗುವಿನ ಮಿದುಳಿಗೆ; ಹೊರನೋಟಕ್ಕೆ ಯಾವ ಲಕ್ಷಣವೂ ಕಾಣದಿರಬಹುದು. ವೃತ್ತದ ವ್ಯಾಸ 18 ಮಿಲಿಮೀಟರ್ ಇದ್ದರೂ 20 ಇದ್ದರೂ ಈ ಹಾನಿಗೆ ಅದು ಉತ್ತರವಾಗದು.

ಇಂತಹ ವರದಿಯಲ್ಲಿ "ಪತ್ತೆಯಾಗಿಲ್ಲ" ಎಂಬ ಮಾತು ಕಂಡೊಡನೆ ನಿಟ್ಟುಸಿರು ಬಿಡುವ ರೂಢಿಯಿದೆ. ಎಷ್ಟರವರೆಗೆ ಪತ್ತೆ ಹಚ್ಚಬಲ್ಲರು ಎಂಬುದನ್ನು ಪಕ್ಕದ ಅಂಕಣದಲ್ಲಿ ನೋಡಬೇಕು. ಕ್ಯಾಡ್ಮಿಯಂ ಮಿತಿ 0.3 ಇರುವಾಗ ದಶಲಕ್ಷಕ್ಕೆ 1 ಭಾಗಕ್ಕಿಂತ ಕಡಿಮೆಯನ್ನು ಕಾಣಲಾಗದ ಉಪಕರಣದಿಂದ ಬಂದ "ಪತ್ತೆಯಾಗಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ಹಾಗೆಯೇ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದ್ದರೆ ಸಾಲದು. ಮಾನ್ಯತೆಯನ್ನು ಪರೀಕ್ಷೆಗೆ ತಕ್ಕಂತೆ ನೀಡಲಾಗುತ್ತದೆಯಾದ್ದರಿಂದ ತಮಗೆ ಬೇಕಾದ ಪರೀಕ್ಷೆ ಅದರ ವ್ಯಾಪ್ತಿಯಲ್ಲಿದೆಯೇ ಎಂದು ವಿಚಾರಿಸಬೇಕು. ಆಯುರ್ವೇದ ಪರವಾನಗಿಯ ಪದಾರ್ಥಗಳಿಗಾದರೆ ಔಷಧ ನಿಯಮಾವಳಿಯ 160-ಎ ಯಿಂದ 160-ಜೆ ವರೆಗಿನ ನಿಯಮಗಳಡಿ ಅನುಮೋದಿತವಾದ ಪ್ರಯೋಗಾಲಯವೇ ಆಗಬೇಕು. ಪ್ರಯೋಗಾಲಯ ತನ್ನ ಕೈಗೆ ಬಂದ ಮಾದರಿಗೆ ಮಾತ್ರ ಹೊಣೆ. ಒಳ್ಳೆಯ ಮಾದರಿಯನ್ನು ಆರಿಸಿ ಕಳುಹಿಸುವವನು ಮೋಸ ಮಾಡಿಕೊಳ್ಳುವುದು ತನಗೇ.

ತಂಬಾಕಿನ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಹಲ್ಲುಪುಡಿ ಪೇಸ್ಟುಗಳಲ್ಲಿ ತಂಬಾಕಿನ ಬಳಕೆಯನ್ನು ಕೇಂದ್ರ ಸರ್ಕಾರವು 1992ರಲ್ಲಿ ನಿಷೇಧಿಸಿತು. 1997ರಲ್ಲಿ ಸುಪ್ರೀಂ ಕೋರ್ಟು ಈ ನಿಷೇಧವನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದಲ್ಲಿಯೂ ಗಡಿ ಜಿಲ್ಲೆಗಳಲ್ಲಿಯೂ ಸುಟ್ಟ ತಂಬಾಕಿನ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವ ಚಟವಿರುವುದರಿಂದ, ಹೊರಗಿನಿಂದ ಪುಡಿ ಕೊಂಡು ತಮ್ಮ ಚೀಟಿ ಅಂಟಿಸುವ ವರ್ತಕರು ನಿಕೋಟಿನ್ ಪರೀಕ್ಷೆಯನ್ನೂ ಮಾಡಿಸುವುದು ಕ್ಷೇಮ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಬೇರೆಯವರು ತಯಾರಿಸಿದ ಪದಾರ್ಥದ ಮೇಲೆ ತನ್ನ ಗುರುತು ಹಾಕಿಕೊಂಡವನೂ ತಯಾರಕನೆಂದೇ ಪರಿಗಣಿತನಾಗುತ್ತಾನೆ. "ನಾನು ಬರಿಯ ಮಾರುವವನು" ಎಂಬ ಸಮಜಾಯಿಷಿ ಅಲ್ಲಿ ನಡೆಯದು. ದಾರಿತಪ್ಪಿಸುವ ಜಾಹೀರಾತಿಗೆ ಅದೇ ಕಾಯಿದೆಯಡಿ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. 2022ರಲ್ಲಿ ಬಹುರಾಷ್ಟ್ರೀಯ ಸಂಸ್ಥೆಯೊಂದರ ಪೇಸ್ಟಿನ ಜಾಹೀರಾತಿಗೆ 10 ಲಕ್ಷ ರೂಪಾಯಿ ದಂಡ ಬಿದ್ದಿತು. ದೊಡ್ಡ ಸಂಸ್ಥೆಗೆ ಅದು ಒಂದು ದಿನದ ಜಾಹೀರಾತಿನ ಖರ್ಚಿರಬಹುದು. ಸಣ್ಣ ಘಟಕದ ಬಂಡವಾಳವೇ ಅಷ್ಟಿರುತ್ತದೆ.

ಪರವಾನಗಿ, ತೆರಿಗೆ ಮತ್ತು ಖರ್ಚಿನ ಬಾಬು

ಯಾವ ಪರೀಕ್ಷೆ ಬೇಕೆಂಬುದು ಯಾವ ಪರವಾನಗಿ ಎಂಬುದರ ಮೇಲೆ ನಿಂತಿದೆ. ಪೇಸ್ಟು ಪುಡಿಗಳನ್ನು ಸೌಂದರ್ಯವರ್ಧಕಗಳೆಂದು ತಯಾರಿಸುವವರಿಗೆ 2020ರ ಕಾಸ್ಮೆಟಿಕ್ಸ್ ನಿಯಮಗಳು ಅನ್ವಯಿಸುತ್ತವೆ. ಪೇಸ್ಟು ಐಎಸ್ 6356ಕ್ಕೂ ಪುಡಿ ಐಎಸ್ 5383ಕ್ಕೂ ಹೊಂದಬೇಕು. ಆಯುರ್ವೇದ ಔಷಧವೆಂದು ತಯಾರಿಸುವವರಿಗೆ 25-ಡಿ ನಮೂನೆಯ ಪರವಾನಗಿ ಹಾಗೂ ಷೆಡ್ಯೂಲ್ ಟಿ ಯ ಉತ್ತಮ ತಯಾರಿಕಾ ಪದ್ಧತಿ. 2010ರಲ್ಲಿ ಸೇರಿಸಿದ 158-ಬಿ ನಿಯಮವು ಸಾರಗಳ ವಿಷಯದಲ್ಲಿ ಮುಖ್ಯವಾದ ಭೇದವನ್ನು ಮಾಡುತ್ತದೆ. ನೀರಿನಿಂದ ಅಥವಾ ನೀರು ಬೆರೆತ ಆಲ್ಕೊಹಾಲಿನಿಂದ ತೆಗೆದ ಸಾರವನ್ನು ಗ್ರಂಥೋಕ್ತ ಉಪಯೋಗಕ್ಕೆ ಬಳಸಿದಲ್ಲಿ ಪ್ರತ್ಯೇಕ ಸುರಕ್ಷತಾ ಅಧ್ಯಯನವನ್ನು ಕೇಳುವುದಿಲ್ಲ. ಬೇರೆ ದ್ರಾವಕಗಳಿಂದ ತೆಗೆದದ್ದಾದರೆ ವಿಷತ್ವದ ದೀರ್ಘ ಅಧ್ಯಯನಗಳು ಬೇಕು. ತಟ್ಟೆಯ ಮೇಲೆ ದೊಡ್ಡ ವೃತ್ತ ಬಂತೆಂದು ಹೆಕ್ಸೇನ್ ಅಥವಾ ಅಸಿಟೋನಿನ ಸಾರಕ್ಕೆ ಮನಸೋತವರು ಆ ಅಧ್ಯಯನಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ತೆರಿಗೆ. ಹೆಸರಾಂತ ಸಂಸ್ಥೆಯೊಂದರ "ದಂತ ಮಂಜನ್ ಲಾಲ್" ಆಯುರ್ವೇದ ಔಷಧವೋ ಹಲ್ಲುಪುಡಿಯೋ ಎಂಬ ಕೇಂದ್ರ ಅಬಕಾರಿ ಸುಂಕದ ವಿವಾದ ಎರಡು ಬಾರಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1995ರಲ್ಲಿಯೂ 2009ರಲ್ಲಿಯೂ ನ್ಯಾಯಾಲಯ ಹೇಳಿದ್ದು ಒಂದೇ: ಜನಸಾಮಾನ್ಯರು ಅದನ್ನು ಏನೆಂದು ಭಾವಿಸಿ ಕೊಳ್ಳುವರು ಎಂಬುದೇ ನಿರ್ಣಾಯಕ, ಆದುದರಿಂದ ಅದು ಹಲ್ಲುಪುಡಿ. ಪ್ರಯೋಗಾಲಯದ ವರದಿಯಿಂದ ತೆರಿಗೆಯ ಶೀರ್ಷಿಕೆ ಬದಲಾಗದು ಎಂಬ ಪಾಠ ಆಗಲೇ ಸಿಕ್ಕಿತ್ತು. 2025ರ ಸೆಪ್ಟೆಂಬರ್ 22ರಿಂದ ಹಲ್ಲುಪುಡಿ, ಪೇಸ್ಟು ಹಾಗೂ ಆಯುರ್ವೇದ ಔಷಧಗಳೆಲ್ಲವೂ ಶೇಕಡಾ 5ರ ಜಿಎಸ್‌ಟಿಗೆ ಇಳಿದುದರಿಂದ ಆ ವಿವಾದದ ಕಾವು ಬಹುಮಟ್ಟಿಗೆ ಆರಿದೆ. ಆದರೆ ಅದರಿಂದಲೇ ಮತ್ತೊಂದು ತೊಡಕು ಹುಟ್ಟಿದೆ. ಪರೀಕ್ಷಾ ಶುಲ್ಕದ ಮೇಲಿನ ತೆರಿಗೆ ಶೇಕಡಾ 18, ಮಾರಾಟದ ಮೇಲಿನದು ಶೇಕಡಾ 5. ಮಾರಾಟದ ತೆರಿಗೆಯಲ್ಲಿ ವಜಾ ಹಾಕಿಕೊಂಡು ಉಳಿದ ಹೂಡುವಳಿ ಜಮೆಯನ್ನು ಮರುಪಾವತಿ ಕೇಳಲು ಹೋದರೆ, ಕಚ್ಚಾಸಾಮಗ್ರಿಯ ಮೇಲಿನ ತೆರಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಸೇವೆಗಳ ಮೇಲಿನದು ಬರುವುದಿಲ್ಲ. ಈ ಭೇದವನ್ನು ಸುಪ್ರೀಂ ಕೋರ್ಟು 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿದಿದೆ. ಮಾರಾಟದ ಅಂಚು ತೆಳುವಾಗಿರುವ ಘಟಕಗಳು ಪರೀಕ್ಷಾ ಶುಲ್ಕವನ್ನು ತೆರಿಗೆ ಸೇರಿಸಿಯೇ ವೆಚ್ಚವೆಂದು ಭಾವಿಸುವುದು ಒಳಿತು.

ಅನೇಕ ಘಟಕಗಳ ಪುಸ್ತಕಗಳಲ್ಲಿ ಪರೀಕ್ಷಾ ಶುಲ್ಕವು "ಇತರೆ ಖರ್ಚು" ಎಂಬ ಬಾಬಿನಲ್ಲಿ, ಚಹಾ ಹಾಗೂ ಲೇಖನ ಸಾಮಗ್ರಿಯ ಜೊತೆಗೆ ಕುಳಿತಿರುತ್ತದೆ. ತಯಾರಿಕೆಯ ತಂಡ ತಂಡಕ್ಕೂ ನಡೆಯಬೇಕಾದ ಪರೀಕ್ಷೆ ಉತ್ಪಾದನಾ ವೆಚ್ಚ. ದಾಸ್ತಾನಿನ ಬೆಲೆಕಟ್ಟುವಾಗಲೂ, ಪೊಟ್ಟಣದ ದರ ನಿಗದಿ ಮಾಡುವಾಗಲೂ ಅದು ಒಳಗೆ ಬರಬೇಕು. ಹೊಸ ಸೂತ್ರವೊಂದು ಫಲಕಾರಿಯೇ ಎಂದು ನೋಡುವ ಪರೀಕ್ಷೆ ಬೇರೆ, ಅದು ಸಂಶೋಧನೆಯ ಬಾಬು. ಇವೆರಡನ್ನು ಬೆರೆಸಿದ್ದರಿಂದಲೇ ಮಾರಾಟ ಕುಗ್ಗಿದ ವರ್ಷ "ಇತರೆ ಖರ್ಚು" ಕಡಿತಗೊಳಿಸುವ ಭರದಲ್ಲಿ ಸೀಸದ ಪರೀಕ್ಷೆಯೂ ಕಡಿತವಾಗುತ್ತದೆ.

ಹೊರೆ ಎಷ್ಟೆಂಬುದನ್ನು ಅಂಕಿಯಲ್ಲಿ ನೋಡಬಹುದು. ಒಂದು ತಂಡದ ಗುರುತು, ಭಾರಲೋಹ ಹಾಗೂ ಸೂಕ್ಷ್ಮಾಣು ಪರೀಕ್ಷೆಗಳಿಗೆ ಒಟ್ಟು 20,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, 500 ಕಿಲೋ ತಂಡದಲ್ಲಿ 50 ಗ್ರಾಂನ 10,000 ಪೊಟ್ಟಣಗಳಾಗಿ ಪೊಟ್ಟಣಕ್ಕೆ 2 ರೂಪಾಯಿ ಬೀಳುತ್ತದೆ. 100 ಕಿಲೋ ತಂಡವಾದರೆ ಪೊಟ್ಟಣಕ್ಕೆ 10 ರೂಪಾಯಿ. ಎರಡನೆಯವನು ಬೆಲೆಯಲ್ಲಿ ಮೊದಲನೆಯವನೊಡನೆ ಸೆಣಸಲಾರ. ಸಣ್ಣ ತಯಾರಕನು ಪರೀಕ್ಷೆಯನ್ನು ತಪ್ಪಿಸುವುದು ಅಪ್ರಾಮಾಣಿಕತೆಯಿಂದಲೇ ಎಂದು ತೀರ್ಮಾನಿಸುವವರು ಈ ಅಂಕಿಗಳನ್ನು ಗಮನಿಸಬೇಕು. ದೊರಕುವ ದಾರಿ ಮೂಲದಲ್ಲಿದೆ: ನಾಲ್ಕೈದು ಘಟಕಗಳು ಕೂಡಿ ಬೇವು, ಲವಂಗ, ಕಾವಿಮಣ್ಣುಗಳನ್ನು ಒಂದೇ ರಾಶಿಯಾಗಿ ಕೊಂಡು, ಆ ರಾಶಿಯನ್ನು ಒಮ್ಮೆ ಪೂರ್ಣವಾಗಿ ಪರೀಕ್ಷಿಸಿ ಹಂಚಿಕೊಂಡರೆ, ಸಿದ್ಧ ಸರಕಿನ ಮೇಲೆ ಉಳಿಯುವ ಪರೀಕ್ಷೆಗಳು ಕಡಿಮೆಯಾಗುತ್ತವೆ. ಕೇಂದ್ರದ ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಅವಕಾಶವಿದೆ. ಪರೀಕ್ಷಾಲಯವೂ ಅಂತಹ ಸೌಲಭ್ಯವಾಗಬಲ್ಲದು. ರಾಶಿ ಖರೀದಿಗೆ ಮುಂದಾಗುವ ಘಟಕಗಳು ಪಾಲುದಾರರ ಸಹಿಯುಳ್ಳ ಮಾದರಿಯ ಒಂದೊಂದು ಭಾಗವನ್ನು ಮೊಹರು ಮಾಡಿ, ರಾಶಿಯ ಸಂಖ್ಯೆ, ದಿನಾಂಕ, ಸರಬರಾಜುದಾರನ ಬಿಲ್ಲಿನ ಸಂಖ್ಯೆಗಳನ್ನು ಬರೆದು, ಆ ಸರಕಿನಿಂದಾದ ಕೊನೆಯ ಪೊಟ್ಟಣದ ಅವಧಿ ಮುಗಿಯುವವರೆಗೂ ಕಪಾಟಿನಲ್ಲಿ ಇಟ್ಟಿರಬೇಕು.